ಸಂಜೆ ಆದ ಮೇಲೇ ಹೂವಿನ ಪರಿಮಳ ಜಾಸ್ತಿ ಯಾಕೆ? ಮಧ್ಯಾಹ್ನ ಮೂಸಿದರೆ ಏನೂ ಇಲ್ಲ

ಹಿತ್ತಲಮಲ್ಲಿ (ತೀರ್ಥಹಳ್ಳಿ ಹತ್ತಿರ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಿಲಲ್ಲಿ ದುಂಡು ಮಲ್ಲಿಗೆ, ರಾತ್ರಿ ರಾಣಿ, ಪಾರಿಜಾತ ಇವೆ. ಬಾವಿಕಟ್ಟೆ ಪಕ್ಕ ಒಂದು ಸಾಲು ಸುಗಂಧರಾಜ. ಅಂಗಳದ ಮೂಲೆಯಲ್ಲಿ ಹಳೇ ಸಂಪಿಗೆ ಮರ. ಮಧ್ಯಾಹ್ನ ಹೋಗಿ ರಾತ್ರಿ ರಾಣಿಗೆ ಮೂಗು ತಾಗಿಸಿ ಮೂಸಿದರೂ ಎಲೆಯ ಹಸಿ ವಾಸನೆ ಬಿಟ್ಟರೆ ಏನೂ ಬರುವುದಿಲ್ಲ. ಅದೇ ಗಿಡ ರಾತ್ರಿ ಎಂಟಕ್ಕೆ ಜಗಲಿಯಲ್ಲಿ ಕೂತವರಿಗೂ ಗೊತ್ತಾಗುವಷ್ಟು ಘಮ್ ಅನ್ನುತ್ತದೆ. ಸುಗಂಧರಾಜವೂ ಹಾಗೇ. ಹಗಲು ಇದ್ದೂ ಇಲ್ಲದ ಹಾಗೆ, ಕತ್ತಲಾದ ಮೇಲೆ ಬಾವಿಕಟ್ಟೆಗೆ ಹೋಗುವುದೇ ಬೇಡ, ಇಲ್ಲೇ ಸಾಕು ಅನ್ನಿಸುವಷ್ಟು ಪರಿಮಳ.

ನನಗೆ ಅರ್ಥ ಆಗದ್ದು ಇದು. ಬಿಸಿ ಆದಷ್ಟೂ ವಾಸನೆ ಜಾಸ್ತಿ ಏಳಬೇಕಲ್ವಾ? ಒಗ್ಗರಣೆ ಬಿಸಿ ಇದ್ದಾಗಲೇ ತಾನೇ ಮನೆಯೆಲ್ಲ ಘಮ ಹರಡುವುದು, ಆರಿದ ಮೇಲೆ ಅಷ್ಟಿಲ್ಲ. ಹಾಗಿದ್ದರೆ ಸುಡು ಬಿಸಿಲಲ್ಲಿ ಹೂವು ಇನ್ನೂ ಜಾಸ್ತಿ ಪರಿಮಳ ಬಿಡಬೇಕಿತ್ತು. ಸಂಜೆ ಗಾಳಿ ನಿಲ್ಲುವುದೇ ಕಾರಣ ಅಂತ ನಮ್ಮ ಭಾವ ಹೇಳುತ್ತಾರೆ. ಅತ್ತೆಯದು ಬೇರೆ ಚಿಂತೆ. ರಾತ್ರಿ ರಾಣಿ ಪರಿಮಳಕ್ಕೆ ಹಾವು ಬರುತ್ತದೆ, ಮಳೆಗಾಲದ ಒಳಗೆ ಕಡಿದು ಹಾಕಿ ಅಂತ ದಿನಾ ಹೇಳುತ್ತಾರೆ. ನನಗೆ ಗಿಡ ಕಡಿಯಲು ಮನಸ್ಸಿಲ್ಲ.

ಇನ್ನೊಂದು, ಸಂಪಿಗೆ ಮಾತ್ರ ಹಗಲಲ್ಲೂ ವಾಸನೆ ಬರುತ್ತದೆ. ಅದೊಂದು ಯಾಕೆ ಬೇರೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಬ್ಯಾಣದಮನೆ (ಹೊಸನಗರ):

ನಿಮ್ಮ ಭಾವ ಹೇಳುವುದರಲ್ಲಿ ನಿಜ ಇದೆ. ಅದನ್ನು ಕಣ್ಣಲ್ಲೇ ನೋಡಬೇಕು ಅಂದರೆ ಬಚ್ಚಲ ಒಲೆಯ ಹೊಗೆ ನೋಡಿ. ಹಗಲು ಹನ್ನೊಂದು ಗಂಟೆಗೆ ಒಲೆ ಹಾಕಿದರೆ ಹೊಗೆ ಹೆಂಚಿನ ಸಂದಿಯಿಂದ ಹೊರಬಂದು ಮೇಲೆ ಹೋಗಿ ಚದುರಿ ಮಾಯ ಆಗುತ್ತದೆ. ಸಂಜೆ ಸ್ನಾನಕ್ಕೆ ಅಂತ ಅದೇ ಒಲೆ ಹಾಕಿದರೆ ಹೊಗೆ ಮಾಡಿನ ಮಟ್ಟಕ್ಕೇ ನಿಂತು, ಅಡ್ಡಕ್ಕೆ ಹರಡಿ, ನಿಧಾನಕ್ಕೆ ತೋಟದ ಕಡೆ ಇಳಿಯುತ್ತದೆ. ಅಡಿಕೆ ಮರಗಳ ನಡುವೆ ನೀಲಿ ಪದರದ ಹಾಗೆ ನಿಂತಿರುತ್ತದೆ, ನೋಡಿರುತ್ತೀರಿ.

ಹಗಲು ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ ಹಗುರಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ಬೇರೆ ಗಾಳಿ ನುಗ್ಗುತ್ತದೆ. ಇಡೀ ದಿನ ಇದೇ ಕಲಕಾಟ. ಹೂವಿನಿಂದ ಬಂದ ಪರಿಮಳ ಅದರ ಜೊತೆ ಮೇಲೆ ಹೋಗಿ ತೆಳುವಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ತಣಿಯುತ್ತದೆ. ನೆಲದ ಹತ್ತಿರದ ಗಾಳಿ ತಂಪಾಗಿ ಭಾರವಾಗಿ ಕೆಳಗೇ ಕೂರುತ್ತದೆ, ಅದರ ಮೇಲಿನದು ಇನ್ನೂ ಬೆಚ್ಚಗೆ ಇರುತ್ತದೆ. ಹೀಗಾದಾಗ ಕೆಳಗಿನ ಗಾಳಿ ಮೇಲೆ ಹೋಗುವುದಿಲ್ಲ. ಪರಿಮಳವೂ ನಮ್ಮ ಮೂಗಿನ ಎತ್ತರದಲ್ಲೇ ಉಳಿಯುತ್ತದೆ.

ನಮ್ಮ ಕಡೆ ಇನ್ನೊಂದು ವಿಶೇಷ ಇದೆ. ತಂಪು ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಗುಡ್ಡದ ಬುಡದಲ್ಲಿ ಮನೆ, ಅದರ ಕೆಳಗೆ ಕಣಿವೆಯಲ್ಲಿ ತೋಟ ಇದ್ದರೆ ರಾತ್ರಿಯ ಗಾಳಿ ಗುಡ್ಡದಿಂದ ಮನೆ ದಾಟಿ ತೋಟಕ್ಕೆ ಹೋಗುತ್ತದೆ. ಹಾಗಾಗಿ ಪರಿಮಳದ ಗಿಡ ಮನೆಗಿಂತ ಸ್ವಲ್ಪ ಮೇಲಿನ ಬದಿಯಲ್ಲಿ, ಧರೆಯ (ಗುಡ್ಡ ಕಡಿದ ಮಣ್ಣಿನ ಗೋಡೆಯ) ಹತ್ತಿರ ಇರಬೇಕು. ನಮ್ಮ ಸುಗಂಧಿ ಹೂವು, ಹಳ್ಳದ ಬದಿಯಲ್ಲಿ ಮಳೆಗಾಲದಲ್ಲಿ ಬಿಳಿಯಾಗಿ ಬಿಡುತ್ತದಲ್ಲ ಅದು, ಮನೆಯ ಕೆಳಗಡೆ ಇದ್ದಾಗ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಮೇಲಿನ ಕಾದಿಗೆ (ನೀರು ಹೋಗುವ ಕಾಲುವೆ) ಪಕ್ಕ ಎರಡು ಗಡ್ಡೆ ಕಿತ್ತು ನೆಟ್ಟ ಮೇಲೆ ಸಂಜೆ ಬಾಗಿಲು ತೆಗೆದರೆ ಸಾಕು.

ಮೋಡ ಕವಿದ ದಿನ, ಗಾಳಿ ಬೀಸುವ ದಿನ ಇಷ್ಟು ಚೆನ್ನಾಗಿ ಆಗುವುದಿಲ್ಲ.

ಪಾಠದಮನೆ (ಶಿವಮೊಗ್ಗ, ಸಸ್ಯಶಾಸ್ತ್ರ ಮೇಷ್ಟ್ರು):

ಬ್ಯಾಣದಮನೆಯವರು ಹೇಳಿದ್ದು ಸರಿ, ಆದರೆ ಅದು ಅರ್ಧ ಉತ್ತರ. ಗಾಳಿಯೊಂದೇ ಕಾರಣ ಆಗಿದ್ದರೆ ಎಲ್ಲ ಹೂವುಗಳೂ ಸಂಜೆಯೇ ಹೆಚ್ಚು ಘಮಿಸಬೇಕಿತ್ತು. ಸಂಪಿಗೆ ಹಾಗಲ್ಲ ಅಂತ ನೀವೇ ಬರೆದಿದ್ದೀರಿ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮಧ್ಯಾಹ್ನ ರಾತ್ರಿ ರಾಣಿಯ ಒಂದು ಗೊಂಚಲನ್ನು ಕಡ್ಡಿ ಸಮೇತ ಕೊಯ್ದು ಲೋಟದ ನೀರಿನಲ್ಲಿ ಇಟ್ಟು, ಕಿಟಕಿ ಬಾಗಿಲು ಹಾಕಿದ ಕೋಣೆಯಲ್ಲಿಡಿ. ಗಾಳಿ ಅಲ್ಲಾಡುವುದಿಲ್ಲ. ಆದರೂ ಮೂರು ಗಂಟೆಗೆ ಕೋಣೆಗೆ ಹೋದರೆ ಪರಿಮಳ ಇರುವುದಿಲ್ಲ. ಪಕ್ಕದ ಕೋಣೆಯಲ್ಲಿ ಒಂದೇ ಒಂದು ಸಂಪಿಗೆ ಇಟ್ಟಿದ್ದರೆ ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ.

ಅಂದರೆ ರಾತ್ರಿ ರಾಣಿ ಹಗಲು ಪರಿಮಳವನ್ನು ಹೊರಗೇ ಬಿಡುತ್ತಿಲ್ಲ. ಅದು ಹೊತ್ತು ನೋಡಿ ಕೆಲಸ ಮಾಡುವ ಗಿಡ.

ಗಿಡಗಳ ಒಳಗೆ ಗಡಿಯಾರ ಇದೆ ಅನ್ನುವುದಕ್ಕೆ ಮೊದಲ ಸುಳಿವು ಸಿಕ್ಕಿದ್ದು 1729ರಲ್ಲಿ. ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ನಮ್ಮ ಮುಟ್ಟಿದರೆ ಮುನಿ ಜಾತಿಯ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದರ ಎಲೆ ಹಗಲು ಹೊತ್ತಿಗೆ ಬಿಚ್ಚುತ್ತಿತ್ತು, ರಾತ್ರಿ ಹೊತ್ತಿಗೆ ಮುಚ್ಚುತ್ತಿತ್ತು. ನಿಮ್ಮ ರಾತ್ರಿ ರಾಣಿಯ ಮೇಲೂ 1960ರಲ್ಲೇ ಕೆಲಸ ನಡೆದಿದೆ. ಅದರ ಹೂವು ಬಿಚ್ಚುವುದು, ಪರಿಮಳ ಬಿಡುವುದು ಎರಡಕ್ಕೂ ಒಳಗಿನ ತಾಳವೇ ಆಧಾರ ಅಂತ ಆಗ ಬರೆದಿದ್ದಾರೆ. ದಿನದ ಬೆಳಕು ಈ ಗಡಿಯಾರವನ್ನು ದಿನಾ ಸರಿಹೊಂದಿಸುತ್ತದೆ, ಅಷ್ಟೇ. ಅದನ್ನು ನಡೆಸುವುದು ಗಿಡವೇ.

ಈ ಗಡಿಯಾರ ಪರಿಮಳವನ್ನು ಹೇಗೆ ತಡೆಯುತ್ತದೆ ಅನ್ನುವುದು ಪೆಟೂನಿಯಾದಲ್ಲಿ ಚೆನ್ನಾಗಿ ಗೊತ್ತಾಗಿದೆ. ನರ್ಸರಿಯಲ್ಲಿ ಕುಂಡದಲ್ಲಿ ಮಾರುತ್ತಾರಲ್ಲ, ಅದೇ ಪೆಟೂನಿಯಾ. ಬಿಳಿಯದು ಸಂಜೆ ಮೂಸಿ ನೋಡಿ, ಹಗಲಿಗೂ ರಾತ್ರಿಗೂ ಎಷ್ಟು ವ್ಯತ್ಯಾಸ ಅಂತ ತಿಳಿಯುತ್ತದೆ. ಅದರ ಗಡಿಯಾರದಲ್ಲಿ ಎಲ್‌ಎಚ್‌ವೈ ಎಂಬ ಜೀನ್ ಇದೆ. ಬೆಳಿಗ್ಗೆ ಅದರ ಕೆಲಸ ಜೋರು. ಆ ಹೊತ್ತಿನಲ್ಲಿ ಅದು ಪರಿಮಳ ತಯಾರಿಸುವ ಜೀನ್‌ಗಳನ್ನು ಒತ್ತಿ ಹಿಡಿದಿರುತ್ತದೆ. ಹೊತ್ತು ಇಳಿದಂತೆ ಅದರ ಹಿಡಿತ ಸಡಿಲ ಆಗುತ್ತದೆ, ಆಗ ಎಸಳಿನ ಒಳಗೆ ತಯಾರಿ ಶುರು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ತೋರಿಸಿದರು. ಎಲ್‌ಎಚ್‌ವೈ ಇಡೀ ದಿನ ಕೆಲಸ ಮಾಡುವ ಹಾಗೆ ಬದಲಿಸಿದ ಗಿಡಗಳಲ್ಲಿ ಸಂಜೆಯ ಪರಿಮಳವೇ ಬರಲಿಲ್ಲ.

ಇನ್ನು ನಿಮ್ಮ ಒಗ್ಗರಣೆಯ ಪ್ರಶ್ನೆ, ತುಂಬಾ ಒಳ್ಳೆಯ ಪ್ರಶ್ನೆ. ಬಿಸಿ ಆದರೆ ವಾಸನೆಯ ಎಣ್ಣೆ ಬೇಗ ಆವಿಯಾಗುತ್ತದೆ ಅನ್ನುವುದು ನಿಜ. ಆದರೆ ಆವಿಯಾಗಲು ಅಲ್ಲಿ ಎಣ್ಣೆ ಇರಬೇಕಲ್ಲ? ಮಲ್ಲಿಗೆ, ಸುಗಂಧರಾಜದಂಥ ಹೂವುಗಳು ಪರಿಮಳವನ್ನು ಕೂಡಿಟ್ಟುಕೊಳ್ಳುವುದು ಬಹಳ ಕಡಿಮೆ. ಆಗಾಗಲೇ ಮಾಡಿ ಆಗಾಗಲೇ ಬಿಡುತ್ತವೆ. ಅದೂ ಸುಮ್ನೆ ಸೋರಿ ಹೋಗುವುದಿಲ್ಲ. ಪೆಟೂನಿಯಾದಲ್ಲಿ ಎಸಳಿನ ಜೀವಕೋಶವೇ ಒಂದು ಪ್ರೊಟೀನಿನ ಪಂಪ್ ಇಟ್ಟುಕೊಂಡು ಪರಿಮಳದ ಅಣುಗಳನ್ನು ಹೊರಗೆ ತಳ್ಳುತ್ತದೆ ಅಂತ 2017ರಲ್ಲಿ ಗೊತ್ತಾಯಿತು. ಮಧ್ಯಾಹ್ನ ತಯಾರಿಯೇ ಇಲ್ಲದಿದ್ದರೆ ಬಿಸಿಲು ಎಷ್ಟಿದ್ದರೇನು.

ಸಂಪಿಗೆ ಬೇರೆ ಥರ. ಅದರ ಎಸಳಿನಲ್ಲಿ ಎಣ್ಣೆ ತುಂಬಿದ ಕೋಶಗಳಿವೆ. ಎಸಳನ್ನು ಹಿಸುಕಿದರೆ ಬೆರಳಿಗೆ ಪರಿಮಳ ಅಂಟಿಕೊಂಡು ಎಷ್ಟೋ ಹೊತ್ತು ಇರುತ್ತದೆ. ಹೀಗೆ ದಾಸ್ತಾನು ಇರುವುದರಿಂದ ಬಿಸಿಲಲ್ಲೂ ಬರುತ್ತದೆ. ಸಂಪಿಗೆಯ ವಂಶ ಬಹಳ ಹಳೆಯದು, ಆ ವಂಶದ ಹೂವುಗಳಿಗೆ ಪರಾಗ ಸಾಗಿಸುವವರಲ್ಲಿ ಜೀರುಂಡೆಗಳೇ ಮುಖ್ಯ. ಸಂಜೆಗೇ ಕಾಯಬೇಕಾದ ಅಗತ್ಯ ಅದಕ್ಕಿಲ್ಲ.

ಯಾರಿಗಾಗಿ ಪರಿಮಳ ಅನ್ನುವುದರ ಮೇಲೆ ಹೊತ್ತು ನಿರ್ಧಾರ ಆಗುತ್ತದೆ. ರಾತ್ರಿ ಬರುವವು ಪತಂಗಗಳು, ಅದರಲ್ಲೂ ಹಾಕ್ ಮಾತ್ ಅನ್ನುವ ದೊಡ್ಡ ಪತಂಗಗಳು. ಕತ್ತಲಲ್ಲಿ ಕಡು ಬಣ್ಣ ಎದ್ದು ಕಾಣುವುದಿಲ್ಲ. ನಿಮ್ಮ ಪಟ್ಟಿಯನ್ನೇ ನೋಡಿ. ಮಲ್ಲಿಗೆ, ಸುಗಂಧರಾಜ, ಪಾರಿಜಾತ ಎಲ್ಲ ಬಿಳಿ, ರಾತ್ರಿ ರಾಣಿ ತಿಳಿ ಹಸಿರು ಮಿಶ್ರಿತ ಬಿಳಿ. ಎಲ್ಲಕ್ಕೂ ಕೆಳಗೆ ಕೊಳವೆ ಇದೆ, ಉದ್ದ ಸೊಂಡಿಲಿನ ಪತಂಗಕ್ಕೆ ಅನುಕೂಲ ಆಗುವ ಹಾಗೆ. ಜೇನು ಓಡಾಡುವ ಹೊತ್ತಿನಲ್ಲಿ ಪರಿಮಳ ಸುರಿದರೆ ಗಿಡಕ್ಕೆ ನಷ್ಟ. ಅದನ್ನು ತಯಾರಿಸಲು ಗಿಡ ಸಕ್ಕರೆ, ಶಕ್ತಿ ಎಲ್ಲ ಖರ್ಚು ಮಾಡಬೇಕು. ಕೆಂಪು ದಾಸವಾಳಕ್ಕೆ ಬರುವುದು ಸೂರಕ್ಕಿ, ಅದು ಬಣ್ಣ ನೋಡಿ ಬರುತ್ತದೆ, ಹಾಗಾಗಿ ದಾಸವಾಳಕ್ಕೆ ಪರಿಮಳವೇ ಇಲ್ಲ. ಗುಲಾಬಿಯದು ಹಗಲಿನ ವ್ಯಾಪಾರ, ಬೆಳಗಿನ ಹೊತ್ತಿಗೆ ಅದರ ಘಮ ಜೋರು. ಬಲ್ಗೇರಿಯಾದಲ್ಲಿ ಅತ್ತರಿನ ಗುಲಾಬಿಯನ್ನು ಬಿಸಿಲೇರುವ ಮೊದಲೇ ಕೊಯ್ದು ಮುಗಿಸುವುದು ಇದಕ್ಕೇ. ಬಿಸಿಲು ಬಂದ ಮೇಲೆ ಎಣ್ಣೆ ಆವಿಯಾಗಿ ಹೋಗುತ್ತದೆ.

ಅಂದರೆ ಗಿಡ ಸಂಜೆಗೆ ಪರಿಮಳ ಮಾಡುತ್ತದೆ, ಸಂಜೆಯ ಗಾಳಿ ಅದನ್ನು ಚದುರದ ಹಾಗೆ ಹಿಡಿದಿಡುತ್ತದೆ. ನಿಮ್ಮ ಜಗಲಿಗೆ ಬರುವುದು ಎರಡೂ ಸೇರಿದ್ದು.

ಬಾಳೆನಾರು (ಶಿವಮೊಗ್ಗ):

ಮೇಷ್ಟ್ರೇ, ಆಗಾಗಲೇ ಮಾಡಿ ಆಗಾಗಲೇ ಬಿಡುತ್ತದೆ ಅಂದಿರಲ್ಲ, ಅದು ನಾವು ದಿನಾ ನೋಡುವುದು. ನಮ್ಮದು ಗಾಂಧಿ ಬಜಾರ್ ಕಡೆ ಹೂವಿನ ವ್ಯಾಪಾರ. ಮಲ್ಲಿಗೆಯನ್ನು ಯಾರೂ ಅರಳಿದ ಮೇಲೆ ಕೊಯ್ಯುವುದಿಲ್ಲ. ಬೆಳಗ್ಗೆ ಬೇಗ ಮೊಗ್ಗು ಬಿಡಿಸಬೇಕು. ಅವತ್ತು ಸಂಜೆ ಬಿರಿಯುವ ಮೊಗ್ಗು ಯಾವುದು, ನಾಳೆಯದು ಯಾವುದು ಅಂತ ಕೈಗೇ ಗೊತ್ತಾಗುತ್ತದೆ. ಇವತ್ತಿನದು ದಪ್ಪ ಆಗಿ ಹಾಲಿನ ಬಿಳುಪು ಬಂದಿರುತ್ತದೆ, ನಾಳೆಯದರ ತುದಿಯಲ್ಲಿ ಇನ್ನೂ ಹಸಿರು ಛಾಯೆ ಇರುತ್ತದೆ. ಹಸಿರು ಮೊಗ್ಗು ಕಿತ್ತರೆ ಅದು ಅರಳದೆ ಬಾಡುತ್ತದೆ, ಪರಿಮಳವೂ ಇಲ್ಲ.

ಹನ್ನೊಂದು ಗಂಟೆಗೆ ಬುಟ್ಟಿ ತುಂಬ ಮೊಗ್ಗು ಇದ್ದರೂ ಅಂಗಡಿಯಲ್ಲಿ ಅಂಥ ವಾಸನೆ ಇರುವುದಿಲ್ಲ. ಗಿಡದಿಂದ ಬೇರೆ ಆಗಿ ಎಷ್ಟೋ ಹೊತ್ತು ಆಗಿರುತ್ತದೆ, ಬಾಳೆ ನಾರಿನಲ್ಲಿ ಕಟ್ಟಿ ಮಾಲೆಯೂ ಆಗಿರುತ್ತದೆ. ಆದರೂ ಗಿಡದಲ್ಲಿದ್ದರೆ ಯಾವಾಗ ಬಿರಿಯುತ್ತಿತ್ತೋ ಅದೇ ಹೊತ್ತಿಗೆ, ದೀಪ ಹಚ್ಚುವ ಹೊತ್ತಿಗೆ ಮುಡಿಯಲ್ಲಿ ಬಿರಿಯುತ್ತದೆ. ಸಂಜೆ ಮದುವೆ ಆರತಕ್ಷತೆ ಇದ್ದರೆ ನಾವು ಮಧ್ಯಾಹ್ನವೇ ಹೂವು ಕೊಟ್ಟುಬಿಡುತ್ತೇವೆ. ಇದೇನು ಪರಿಮಳವೇ ಇಲ್ಲ ಅಂತ ಕೇಳಿದವರಿಗೆ ಒಂದೇ ಮಾತು, ಏಳು ಗಂಟೆಗೆ ನೋಡಿ ಅಂತ.

ಉಡುಪಿ ಶಂಕರಪುರದ ಮಲ್ಲಿಗೆಯೂ ಹೀಗೇ ಬೆಳಗಿನ ಮೊಗ್ಗು. ಅಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಲೆಕ್ಕ. ಬಿಡಿಸಿ, ಕಟ್ಟಿ, ಕಳಿಸಿ ಮುಗಿಸಬೇಕಾದ್ದೆಲ್ಲ ಮೊಗ್ಗು ಬಿರಿಯುವ ಮೊದಲು. ಆ ಊರಿನ ದಿನಚರಿಯೇ ಹೂವಿನ ಹೊತ್ತಿಗೆ ಹೊಂದಿಕೊಂಡಿದೆ.

ಮನೆಯಲ್ಲಿ ಇಡುವವರಿಗೆ ಒಂದು ಮಾತು. ಮೊಗ್ಗನ್ನು ಒದ್ದೆ ಬಾಳೆ ಎಲೆಯಲ್ಲಿ ಸುತ್ತಿಡಿ. ಫ್ರಿಜ್ಜಿನಲ್ಲಿಟ್ಟರೆ ಅರಳುವುದು ತಡ ಆಗುತ್ತದೆ, ಪರಿಮಳವೂ ಏಳುವುದಿಲ್ಲ. ಹೊರಗೆ ತೆಗೆದು ಸ್ವಲ್ಪ ಬೆಚ್ಚಗಾಗಲು ಬಿಟ್ಟು ಆಮೇಲೆ ಮುಡಿಯಿರಿ.

ಪಾಠದಮನೆ:

ಬಾಳೆನಾರು ಅವರೇ, ನೀವು ಬರೆದದ್ದನ್ನು ನಾನು ತರಗತಿಯಲ್ಲಿ ಹೇಳುತ್ತೇನೆ. ಚೀನಾದವರು ಮಲ್ಲಿಗೆ ಚಹಾ ಮಾಡುವುದು ಇದೇ ತತ್ವದ ಮೇಲೆ. ಹಗಲು ಮೊಗ್ಗು ಕೊಯ್ದು, ರಾತ್ರಿ ಅದು ಬಿರಿಯುವ ಹೊತ್ತಿಗೆ ಚಹಾದ ಎಲೆ ಜೊತೆ ಬೆರೆಸಿಡುತ್ತಾರೆ. ರಾತ್ರಿಯಿಡೀ ಹೂವು ಬಿಟ್ಟ ಪರಿಮಳವನ್ನು ಎಲೆ ಹೀರಿಕೊಳ್ಳುತ್ತದೆ. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹಿಂದೆ ಮಲ್ಲಿಗೆ ಜಾತಿಯ ಹೂವು, ಸುಗಂಧರಾಜ ಎರಡನ್ನೂ ಕೊಬ್ಬು ಹಚ್ಚಿದ ಗಾಜಿನ ಮೇಲೆ ಹರಡಿಡುತ್ತಿದ್ದರು. ಕೊಯ್ದ ಮೇಲೂ ಹೂವು ಪರಿಮಳ ಬಿಡುತ್ತಲೇ ಇರುತ್ತದಲ್ಲ, ಅದನ್ನು ಕೊಬ್ಬಿನಲ್ಲಿ ಹಿಡಿಯಲು.

ಇನ್ನೊಂದು ಸೇರಿಸುತ್ತೇನೆ. ನಮ್ಮ ದುಂಡು ಮಲ್ಲಿಗೆ ಕಾಯಿ ಕಟ್ಟುವುದೇ ಅಪರೂಪ. ನಾವು ಗೆಲ್ಲು ನೆಟ್ಟೇ ಬೆಳೆಸಿಕೊಂಡು ಬಂದಿದ್ದೇವೆ. ಅದಕ್ಕೆ ಪತಂಗ ಬಂದರೂ ಬಾರದಿದ್ದರೂ ವಂಶ ಮುಂದುವರಿಯುತ್ತದೆ. ಆದರೂ ಅದರ ಗಡಿಯಾರ ನಿಂತಿಲ್ಲ.

ಕಾಡುದಾರಿ (ಆಗುಂಬೆ ಕಡೆ):

ಹಾವಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಹಾವಿಗೆ ಹೂವಿನ ಪರಿಮಳದಿಂದ ಏನೂ ಆಗಬೇಕಾಗಿಲ್ಲ. ಅದು ನಾಲಿಗೆ ಹೊರಗೆ ಹಾಕಿ ಗಾಳಿಯ ಕಣ ಹಿಡಿದು, ಬಾಯಿಯ ಮೇಲ್ಭಾಗದಲ್ಲಿರುವ ಅಂಗಕ್ಕೆ ಮುಟ್ಟಿಸಿ ವಾಸನೆ ತಿಳಿಯುತ್ತದೆ. ಅದು ಹುಡುಕುವುದು ಇಲಿ, ಕಪ್ಪೆ, ಹಲ್ಲಿ, ತನ್ನ ಜೋಡಿ, ಅಡಗಲು ಜಾಗ. ರಾತ್ರಿ ರಾಣಿ ಪೊದೆಯಾಗಿ ಬೆಳೆದು ಗೆಲ್ಲು ನೆಲಕ್ಕೆ ಬಾಗುತ್ತದೆ. ಬುಡದಲ್ಲಿ ತಂಪು, ಕತ್ತಲು, ದರಗು (ಉದುರಿದ ಒಣ ಎಲೆ). ಹೂವಿಗೆ ಹುಳ ಬರುತ್ತವೆ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಹಿರಿಯರು ಆ ಗಿಡದ ಹತ್ತಿರ ಹಾವು ಕಂಡಿದ್ದು ಸುಳ್ಳಾಗಿರಲಿಕ್ಕಿಲ್ಲ. ಕಾರಣ ಮಾತ್ರ ಪೊದೆ.

ಗಿಡ ಕಡಿಯಬೇಡಿ. ಬುಡದಿಂದ ಮಂಡಿ ಎತ್ತರದವರೆಗಿನ ಗೆಲ್ಲು ಸವರಿ, ನೆಲ ಕಾಣುವ ಹಾಗೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಕಟ್ಟಿಗೆ ರಾಶಿ, ಒಡೆದ ಹೆಂಚಿನ ರಾಶಿ ಇದ್ದರೆ ಬೇರೆ ಕಡೆ ಹಾಕಿ. ರಾತ್ರಿ ಅಲ್ಲಿಗೆ ಹೋದರೆ ಟಾರ್ಚ್ ಹಿಡಿದೇ ಹೋಗಿ. ಅತ್ತೆಯವರಿಗೆ ಇಷ್ಟು ಮಾಡಿ ತೋರಿಸಿದರೆ ಒಪ್ಪುತ್ತಾರೆ ಅನ್ನಿಸುತ್ತದೆ.

ಒಂದು ಎಚ್ಚರ ಮಾತ್ರ ಇದೆ, ಅದು ಹಾವಿನದಲ್ಲ. ರಾತ್ರಿ ರಾಣಿಯ ಬಿಳಿ ಹಣ್ಣು ವಿಷ. ಚಿಕ್ಕ ಮಕ್ಕಳು, ದನಕರು ಇದ್ದರೆ ಹೂವು ಮುಗಿದ ಕೂಡಲೇ ಗೊಂಚಲು ಸವರಿಬಿಡಿ. ಮಲಗುವ ಕೋಣೆಯ ಕಿಟಕಿಗೆ ತಾಗಿಸಿ ನೆಡಬೇಡಿ, ಆ ಪರಿಮಳ ಕೆಲವರಿಗೆ ತಲೆನೋವು ತರುತ್ತದೆ.

ಹಿತ್ತಲಮಲ್ಲಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಕಾಡುದಾರಿಯವರ ಉತ್ತರ ಓದಿ ಹೇಳಿದೆ, ಸವರಿದರೆ ಸಾಕು ಅಂದರು. ಮೇಷ್ಟ್ರೇ, ಇನ್ನೆರಡು ಕೇಳಬೇಕು. ನಮ್ಮ ಗೇಟಿನ ಎದುರು ಬೆಳ್ಳಗಿನ ಎಲ್‌ಇಡಿ ಬೀದಿದೀಪ ಬಂದಿದೆ, ರಾತ್ರಿಯೆಲ್ಲ ಸುಗಂಧರಾಜದ ಮೇಲೆ ಬೆಳಕು. ಅದರಿಂದ ಪರಿಮಳ ಕಡಿಮೆ ಆಗುತ್ತದಾ? ಮತ್ತೆ ನಂದಿಬಟ್ಟಲಿಗೆ ಬೆರಳು ಗಾತ್ರದ ಹಸಿರು ಹುಳ ಬಂದು ಎಲೆಯೆಲ್ಲ ತಿನ್ನುತ್ತಿದೆ. ತಲೆ ಹತ್ತಿರ ಕಣ್ಣಿನ ಹಾಗೆ ನೀಲಿ ಬೊಟ್ಟು, ಹಿಂದೆ ಒಂದು ಕೊಂಬು. ಔಷಧಿ ಹೊಡೆಯಲಾ?

ಪಾಠದಮನೆ:

ಹೊಡೆಯಬೇಡಿ, ದಯವಿಟ್ಟು. ಅದು ಹಾಕ್ ಮಾತ್‌ನ ಮರಿ. ಕಣಗಿಲೆ, ನಂದಿಬಟ್ಟಲು ಎಲೆ ತಿಂದು ಬೆಳೆಯುವ ಜಾತಿ. ದೊಡ್ಡದಾದ ಮೇಲೆ ಹಸಿರು ಗುಲಾಬಿ ಬಣ್ಣದ ಚಿತ್ತಾರದ ಪತಂಗ ಆಗುತ್ತದೆ, ಮುಸ್ಸಂಜೆ ಹೂವಿನ ಮುಂದೆ ಗಾಳಿಯಲ್ಲಿ ನಿಂತಲ್ಲೇ ನಿಂತು ಸೊಂಡಿಲು ಚಾಚಿ ಮಕರಂದ ಹೀರುತ್ತದೆ. ನಿಮ್ಮ ಹಿತ್ತಿಲಿನ ಬಿಳಿ ಹೂವುಗಳು ಸಂಜೆ ಕರೆಯುವುದು ಇಂಥವರನ್ನೇ.

ಬೀದಿದೀಪದಿಂದ ಹೆಚ್ಚು ತೊಂದರೆ ಆಗುವುದು ಹೂವಿಗಿಂತ ಪತಂಗಕ್ಕೆ. ಸ್ವಿಟ್ಜರ್ಲೆಂಡಿನಲ್ಲಿ ಹುಲ್ಲುಗಾವಲಿನ ಕತ್ತಲಲ್ಲಿ ಬೀದಿದೀಪ ಇಟ್ಟು ನೋಡಿದರು. ದೀಪ ಇದ್ದ ಕಡೆ ರಾತ್ರಿ ಹುಳಗಳು ಹೂವಿಗೆ ಬರುವುದು 62% ಕಡಿಮೆಯಾಯಿತು. ಇದು 2017ರಲ್ಲಿ ಪ್ರಕಟವಾದ ಅಧ್ಯಯನ. ಗ್ರಾಮ ಪಂಚಾಯ್ತಿಗೆ ಹೇಳಿ ದೀಪಕ್ಕೆ ಒಂದು ಮರೆ ಹಾಕಿಸಲು ಆಗುತ್ತದಾ ನೋಡಿ, ಬೆಳಕು ರಸ್ತೆಗೆ ಮಾತ್ರ ಬಿದ್ದರೆ ಸಾಕಲ್ವಾ. ಆಗದಿದ್ದರೆ ಸುಗಂಧರಾಜದ ಗಡ್ಡೆಗಳನ್ನು ಮನೆಯ ನೆರಳು ಬೀಳುವ ಬದಿಗೆ ಬದಲಿಸಿ.

ಪೇಟೆಯವರು ಇದನ್ನು ಓದುತ್ತಿದ್ದರೆ ಇನ್ನೊಂದು ವಿಷಯ. ವಾಹನದ ಹೊಗೆಯೂ ಪರಿಮಳವನ್ನು ಹಾಳು ಮಾಡುತ್ತದೆ. ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಓಝೋನ್ ಜೊತೆ ಸೇರಿ ನೈಟ್ರೇಟ್ ರ್‍ಯಾಡಿಕಲ್ ಅನ್ನುವುದು ಹುಟ್ಟುತ್ತದೆ. ಹಗಲು ಬಿಸಿಲು ಅದನ್ನು ಒಡೆದು ಹಾಕುತ್ತದೆ, ರಾತ್ರಿ ಉಳಿದುಕೊಳ್ಳುತ್ತದೆ, ಹೂವು ಬಿಟ್ಟ ಪರಿಮಳದ ಅಣುಗಳನ್ನು ಮುರಿಯುತ್ತದೆ. ಅಮೆರಿಕದಲ್ಲಿ ರಾತ್ರಿ ಅರಳುವ ಒಂದು ಬಿಳಿ ಕಾಡುಹೂವಿನ ಮೇಲೆ ನಡೆದ ಕೆಲಸ 2024ರಲ್ಲಿ ಪ್ರಕಟವಾಯಿತು. ಹೀಗೆ ಮುರಿದು ಹಾಳಾದ ಪರಿಮಳ ಇಟ್ಟಾಗ ಹಾಕ್ ಮಾತ್‌ಗಳು ಹೂವಿಗೆ ಬರುವುದು ಸುಮಾರು 70% ಇಳಿಯಿತು. ಬೈಪಾಸ್ ಪಕ್ಕದ ಮನೆಯ ಮಲ್ಲಿಗೆಗೂ ತೀರ್ಥಹಳ್ಳಿ ಹಿತ್ತಿಲಿನ ಮಲ್ಲಿಗೆಗೂ ಪರಿಮಳ ಹರಡುವ ದೂರ ಒಂದೇ ಇರಲಾರದು.

ಹುಳದ ಬಗ್ಗೆ: ಎಲೆ ತಿಂದರೆ ತಿನ್ನಲಿ, ಮಳೆ ಬಿದ್ದ ಮೇಲೆ ನಂದಿಬಟ್ಟಲು ಮತ್ತೆ ಚಿಗುರುತ್ತದೆ. ತೀರಾ ಜಾಸ್ತಿ ಅನ್ನಿಸಿದರೆ ಕಡ್ಡಿಯಲ್ಲಿ ಎತ್ತಿ ಕಣಗಿಲೆ ಗಿಡಕ್ಕೆ ಬಿಡಿ. ಹುಳ ಕಂದು ಬಣ್ಣಕ್ಕೆ ತಿರುಗಿ ಕೆಳಗೆ ಇಳಿಯಲು ಶುರು ಮಾಡಿದರೆ ಕೋಶ ಕಟ್ಟುವ ಹೊತ್ತು ಬಂತು ಅಂತ. ಬುಡದ ದರಗಿನ ಅಡಿಗೆ ಸೇರಿಕೊಳ್ಳುತ್ತದೆ. ರಾತ್ರಿ ರಾಣಿಯ ಬುಡ ಕಾಡುದಾರಿಯವರು ಹೇಳಿದ ಹಾಗೆ ಚೊಕ್ಕ ಇರಲಿ. ನಂದಿಬಟ್ಟಲಿನ ಅಡಿಯ ದರಗನ್ನು ಮಾತ್ರ ಈ ತಿಂಗಳು ಗುಡಿಸಿ ಸುಡಬೇಡಿ.